ಬಂದವರ ಲೆಕ್ಕ, ಹೋದವರ ಲೆಕ್ಕ

ಮೊದಲು ಮೂರು ಪ್ರಶ್ನೆಗಳು. ನಿಮ್ಮ ಊರಿಗೆ ಬರುವ ಆರೋಗ್ಯ ಕಾರ್ಯಕರ್ತೆಯ ಹೆಸರೇನು? ಅವರು ಬಂದು ಎಷ್ಟು ವರ್ಷವಾಯಿತು? ಅವರಿಗಿಂತ ಮೊದಲು ಯಾರಿದ್ದರು? ಮೊದಲ ಪ್ರಶ್ನೆಗೆ ಹಲವರು ಉತ್ತರ ಹೇಳಬಲ್ಲಿರಿ. ಎರಡನೆಯದಕ್ಕೆ ಸ್ವಲ್ಪ ಯೋಚಿಸುತ್ತೀರಿ. ಮೂರನೆಯದಕ್ಕೆ ಮನೆಯ ಹಿರಿಯರನ್ನೇ ಕೇಳಬೇಕಾದೀತು.

ಕಾರ್ಯಕ್ರಮವೊಂದರ ತಯಾರಿಗಾಗಿ ಕುಂದಾಪುರ ತಾಲ್ಲೂಕಿನ ಗುಲ್ವಾಡಿಗೆ ಹೋಗಿದ್ದಾಗ ಈ ಮೂರು ಪ್ರಶ್ನೆಗಳನ್ನು ಅಲ್ಲಿನ ಅಜ್ಜಿಯೊಬ್ಬರಿಗೆ ಕೇಳಿದೆ. ಆಕೆ ನಕ್ಕು, "ಹ್ವಾಯ್, ಹೆಸ್ರ್ ಬಾಯಿಗ್ ಬಪ್ಪುದ್ರೊಳ್ಗೆ ಅವ್ರಿಗ್ ವರ್ಗ ಆತ್" ಎಂದರು. ಹೆಸರು ಬಾಯಿಗೆ ಬರುವುದರೊಳಗೆ ಅವರಿಗೆ ವರ್ಗವಾಗುತ್ತದೆ ಎಂದರ್ಥ. ಆ ಮಾತನ್ನು ನಾನು ಬರೆದುಕೊಂಡೆ. ಊರಿಗೆ ಹಿಂದಿರುಗಿದ ಮೇಲೆ, ಇದನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಕಾಡತೊಡಗಿತು. ಕಾಲೇಜಿನಲ್ಲಿ ವಿಜ್ಞಾನ ಓದಿದವನಿಗೆ ಇದು ಬಿಡದ ಚಾಳಿ. ಅರ್ಧ ಗಂಟೆಯ ಸಂವಾದದಲ್ಲಿ ಹೇಳಲಾಗದೆ ಉಳಿದ ಆ ಅಳತೆಯ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಗುಲ್ವಾಡಿಯ ಹೆಸರು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸದಲ್ಲ. 1899ರಲ್ಲಿ ಪ್ರಕಟವಾದ 'ಇಂದಿರಾಬಾಯಿ' ಕಾದಂಬರಿಯನ್ನು ಬರೆದ ಗುಲ್ವಾಡಿ ವೆಂಕಟರಾಯರು ಈ ಊರಿನ ಹೆಸರನ್ನೇ ಹೊತ್ತವರು. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಹೆಣ್ಣೊಬ್ಬಳು ವಿದ್ಯೆ ಕಲಿತು ಹೊಸ ಬದುಕು ಕಟ್ಟಿಕೊಳ್ಳುವ ಕಥೆ ಅದು. ಆ ಕಾದಂಬರಿಗೂ ನಮ್ಮ ವಿಷಯಕ್ಕೂ ಒಂದು ನಂಟಿದೆ. ಅದನ್ನು ಮುಂದೆ ನೋಡೋಣ.

ಕಾರ್ಖಾನೆಯಿಂದ ಹೊರಟ ಲೆಕ್ಕ

ಒಂದು ಸಂಸ್ಥೆಯಲ್ಲಿ ನೌಕರರು ಬಿಟ್ಟು ಹೋಗುವುದು, ಅವರ ಜಾಗಕ್ಕೆ ಹೊಸಬರು ಬರುವುದು, ಇದಕ್ಕೆ ಇಂಗ್ಲಿಷಿನಲ್ಲಿ ಟರ್ನ್‌ಓವರ್ ಎನ್ನುತ್ತಾರೆ. ನಾವು 'ಬಂದು ಹೋಗುವಿಕೆ' ಎನ್ನೋಣ. ಇದನ್ನು ಅಳೆಯುವ ಗರಜು ಮೊದಲು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಕಾರ್ಖಾನೆಯಲ್ಲಿ.

1913ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ಅವರ ಮೋಟಾರು ಕಾರ್ಖಾನೆಯಲ್ಲಿ ಸುಮಾರು 14,000 ಕಾರ್ಮಿಕರ ಬಲವನ್ನು ಕಾಯ್ದುಕೊಳ್ಳಲು ಒಂದೇ ವರ್ಷದಲ್ಲಿ 52,000ದಷ್ಟು ಜನರನ್ನು ನೇಮಿಸಿಕೊಳ್ಳಬೇಕಾಯಿತು. ಬಂದು ಹೋಗುವಿಕೆಯ ದರ ಶೇಕಡಾ 370. ಶೇಕಡಾ ನೂರನ್ನು ಮೀರುವುದು ಹೇಗೆ ಎಂದು ನೀವು ಕೇಳಬಹುದು. ಒಂದೇ ಕೆಲಸದ ಜಾಗಕ್ಕೆ ವರ್ಷದಲ್ಲಿ ಮೂರು ನಾಲ್ಕು ಜನ ಬಂದು ಹೋದರೆ ದರ ನೂರನ್ನು ದಾಟುತ್ತದೆ. 1914ರ ಜನವರಿಯಲ್ಲಿ ಫೋರ್ಡ್ ದಿನದ ಕೂಲಿಯನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿ ಐದು ಡಾಲರ್ ಮಾಡಿದರು. ಕೆಲಸದ ಅವಧಿಯನ್ನು ಎಂಟು ಗಂಟೆಗೆ ಇಳಿಸಿದರು. ದರ ಆ ವರ್ಷ ಶೇಕಡಾ 54ಕ್ಕೂ, 1915ರಲ್ಲಿ ಶೇಕಡಾ 16ಕ್ಕೂ ಇಳಿಯಿತು. 1919ರಲ್ಲಿ ಸಮ್ನರ್ ಸ್ಲಿಕ್ಟರ್ ಎಂಬ ಅರ್ಥಶಾಸ್ತ್ರಜ್ಞ ಈ ವಿಷಯದ ಬಗ್ಗೆಯೇ ಒಂದು ದೊಡ್ಡ ಗ್ರಂಥ ಬರೆದರು. ಅಲ್ಲಿಂದ ಮುಂದೆ ಇದೊಂದು ಶಾಸ್ತ್ರವಾಗಿ ಬೆಳೆಯಿತು.

ಸೂತ್ರ ಸರಳವಾಗಿದೆ. ವರ್ಷದಲ್ಲಿ ಬಿಟ್ಟು ಹೋದವರ ಸಂಖ್ಯೆಯನ್ನು ಆ ವರ್ಷದ ಸರಾಸರಿ ನೌಕರರ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿ. ಏಳನೇ ತರಗತಿಯ ಹುಡುಗನೂ ಮಾಡಬಹುದಾದ ಲೆಕ್ಕ. ಆದರೆ ಈ ಸರಳತೆಯಲ್ಲೇ ಒಂದು ಮೋಸ ಅಡಗಿದೆ.

ಗುಲ್ವಾಡಿಯಂಥ ಹತ್ತು ಹಳ್ಳಿಗಳು, ಒಂದೊಂದು ಹಳ್ಳಿಗೆ ಒಬ್ಬೊಬ್ಬ ಆರೋಗ್ಯ ಕಾರ್ಯಕರ್ತೆ ಎಂದು ಕಲ್ಪಿಸಿಕೊಳ್ಳಿ. ಮೊದಲ ವರ್ಷ ಒಂಬತ್ತು ಹಳ್ಳಿಗಳಲ್ಲಿ ಯಾರೂ ಕದಲಲಿಲ್ಲ. ಹತ್ತನೆಯ ಹಳ್ಳಿಯಲ್ಲಿ ಮಾತ್ರ ಒಬ್ಬರಾದ ಮೇಲೆ ಒಬ್ಬರಂತೆ ಐದು ಜನ ಬಂದು ಹೋದರು. ಎರಡನೆಯ ವರ್ಷ ಐದು ಹಳ್ಳಿಗಳಲ್ಲಿ ಒಬ್ಬೊಬ್ಬರು ಹೋದರು. ಎರಡು ವರ್ಷವೂ ಹೋದವರು ಐದೇ ಜನ. ದರ ಶೇಕಡಾ 50. ಆದರೆ ಎರಡು ವರ್ಷಗಳ ಕಥೆ ಒಂದೇ ಅಲ್ಲ. ಮೊದಲನೆಯ ವರ್ಷ ಒಂದು ಹಳ್ಳಿಯಲ್ಲಿ ಏನೋ ಕೆಟ್ಟಿದೆ. ವಾಸಕ್ಕೆ ಮನೆ ಇಲ್ಲದಿರಬಹುದು, ಬಸ್ಸು ಇಲ್ಲದಿರಬಹುದು, ಯಾರೋ ಕಿರುಕುಳ ಕೊಡುತ್ತಿರಬಹುದು. ಎರಡನೆಯ ವರ್ಷ ಇಡೀ ವ್ಯವಸ್ಥೆಯೇ ಅಲುಗಾಡುತ್ತಿದೆ.

ಇದನ್ನು ಬೇರ್ಪಡಿಸಿ ತೋರಿಸಲು ಇನ್ನೊಂದು ಅಳತೆ ಬಂತು. ಅದು ಸ್ಥಿರತೆಯ ಸೂಚಿ. ವರ್ಷದ ಹಿಂದೆ ಇದ್ದವರಲ್ಲಿ ಈಗಲೂ ಎಷ್ಟು ಮಂದಿ ಇದ್ದಾರೆ ಎಂದು ಕೇಳುವುದು. ನಮ್ಮ ಮೊದಲ ವರ್ಷಕ್ಕೆ ಉತ್ತರ ಹತ್ತರಲ್ಲಿ ಒಂಬತ್ತು, ಅಂದರೆ ಶೇಕಡಾ 90. ಎರಡನೆಯದಕ್ಕೆ ಹತ್ತರಲ್ಲಿ ಐದು, ಶೇಕಡಾ 50. ಒಂದು ಅಳತೆ ಮುಚ್ಚಿಟ್ಟದ್ದನ್ನು ಇನ್ನೊಂದು ಅಳತೆ ತೆರೆದು ತೋರಿಸಿತು. ಒಂದೇ ಸಂಖ್ಯೆಯನ್ನು ನಂಬಿ ತೀರ್ಪು ಕೊಡಬಾರದು ಎಂಬ ಪಾಠ ಇಲ್ಲಿದೆ.

ಪರಮಾಣುವಲ್ಲ, ಮನುಷ್ಯ

ಭೌತಶಾಸ್ತ್ರದಲ್ಲಿ ನೀವು ವಿಕಿರಣಶೀಲ ವಸ್ತುವಿನ ಅರ್ಧಾಯುಷ್ಯದ ಬಗ್ಗೆ ಓದಿರುತ್ತೀರಿ. ಇರುವ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ ಅದು. ಇದೇ ಕಲ್ಪನೆಯನ್ನು ನೌಕರರಿಗೂ ಅನ್ವಯಿಸಬಹುದು. ಒಂದೇ ದಿನ ಇಪ್ಪತ್ತು ಕಾರ್ಯಕರ್ತೆಯರು ಕೆಲಸಕ್ಕೆ ಸೇರಿದರು ಎಂದಿಟ್ಟುಕೊಳ್ಳಿ. ಆರು ತಿಂಗಳಿಗೆ 15 ಜನ ಉಳಿದರು, ಒಂದು ವರ್ಷಕ್ಕೆ 12, ಎರಡು ವರ್ಷಕ್ಕೆ 10, ಐದು ವರ್ಷಕ್ಕೆ 8. ಈ ತಂಡದ ಅರ್ಧಾಯುಷ್ಯ ಎರಡು ವರ್ಷ.

ಈಗ ಹೋಲಿಸಿ. ಇವು ಪರಮಾಣುಗಳಾಗಿದ್ದರೆ ಎರಡು ವರ್ಷಕ್ಕೆ 10, ನಾಲ್ಕು ವರ್ಷಕ್ಕೆ 5, ಐದು ವರ್ಷಕ್ಕೆ ಮೂರೋ ನಾಲ್ಕೋ ಉಳಿಯಬೇಕಿತ್ತು. ಆದರೆ ಉಳಿದದ್ದು 8. ಕಾರಣ ಸ್ಪಷ್ಟ. ಪರಮಾಣುವಿಗೆ ವಯಸ್ಸಾಗುವುದಿಲ್ಲ, ಅದು ನಿನ್ನೆಯಷ್ಟೇ ಇಂದೂ ಕ್ಷಯಿಸಬಲ್ಲದು. ಮನುಷ್ಯರು ಹಾಗಲ್ಲ. ಹೊಸಬರು ಬೇಗ ಹೋಗುತ್ತಾರೆ, ಬೇರು ಬಿಟ್ಟವರು ನಿಲ್ಲುತ್ತಾರೆ. 1950ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ರೈಸ್, ಹಿಲ್ ಮತ್ತು ಟ್ರಿಸ್ಟ್ ಎಂಬ ಮೂವರು ಗ್ಲೇಸಿಯರ್ ಲೋಹ ಕಂಪನಿಯ ಲೆಕ್ಕಗಳನ್ನು ಅಭ್ಯಸಿಸಿ ಇದನ್ನೇ ಮೂರು ಹಂತಗಳಾಗಿ ವಿಂಗಡಿಸಿದರು: ಸೇರ್ಪಡೆಯ ಬಿಕ್ಕಟ್ಟು, ಇರಬೇಕೋ ಹೋಗಬೇಕೋ ಎಂಬ ತೂಗಾಟದ ಕಾಲ, ಕಡೆಗೆ ನೆಲೆ ನಿಂತ ಸಂಬಂಧ. ಗದ್ದೆಗೆ ನಾಟಿ ಮಾಡಿದ ನೇಜಿಯನ್ನು ನೋಡಿದ ನಮ್ಮ ಕರಾವಳಿಯ ರೈತರಿಗೆ ಇದು ಹೊಸ ಮಾತಲ್ಲ. ಕಿತ್ತು ನೆಟ್ಟ ಮೊದಲ ದಿನಗಳಲ್ಲಿ ನೇಜಿ ಬಾಡುತ್ತದೆ. ಬೇರು ಹಿಡಿದ ಮೇಲೆ ಮಳೆಗೂ ಬಗ್ಗದು. ಹೊಸ ಕಾರ್ಯಕರ್ತೆಗೆ ಮೊದಲ ಆರು ತಿಂಗಳಲ್ಲಿ ಕೊಡುವ ಆಸರೆ, ಹತ್ತು ವರ್ಷವಾದ ಮೇಲೆ ಕೊಡುವ ಪ್ರಶಸ್ತಿ ಫಲಕಕ್ಕಿಂತ ಹೆಚ್ಚಿನದು.

ನಮ್ಮಲ್ಲಿ ಎಣಿಸಿದ್ದು ಏನನ್ನು?

ನಮ್ಮ ದೇಶದಲ್ಲಿ ಆರೋಗ್ಯ ಸಿಬ್ಬಂದಿಯ ಎಣಿಕೆಗೆ ಭದ್ರ ಬುನಾದಿ ಹಾಕಿದ್ದು ಸರ್ ಜೋಸೆಫ್ ಭೋರ್ ಅವರ ಸಮಿತಿ. 1943ರಲ್ಲಿ ನೇಮಕಗೊಂಡ ಈ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ಆಗಿನ ಬ್ರಿಟಿಷ್ ಭಾರತದ ಸುಮಾರು 30 ಕೋಟಿ ಜನರಿಗೆ ಇದ್ದ ವೈದ್ಯರು ಸುಮಾರು 47,500, ದಾದಿಯರು 7,000, ಸೂಲಗಿತ್ತಿಯರು 5,000. ಭಾಗಿಸಿ ನೋಡಿ. 6,300 ಜನರಿಗೆ ಒಬ್ಬ ವೈದ್ಯ, 43,000 ಜನರಿಗೆ ಒಬ್ಬ ದಾದಿ, 60,000 ಜನರಿಗೆ ಒಬ್ಬ ಸೂಲಗಿತ್ತಿ. ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಅಂದಿನ ಕುಂದಾಪುರ ಸೀಮೆಯೂ ಈ ಲೆಕ್ಕದ ಒಳಗೇ ಇತ್ತು.

ಇಂಥ ಕೊರತೆ ಇರುವಾಗ ಮೊದಲ ಕೆಲಸ ಹೊಸಬರನ್ನು ತಯಾರು ಮಾಡುವುದೇ. ಕರಾವಳಿ ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. ಉಡುಪಿಯಲ್ಲಿ 1923ರಲ್ಲೇ ಡಾ. ಇವಾ ಲೊಂಬಾರ್ಡ್ ಮಿಷನ್ ಆಸ್ಪತ್ರೆಯನ್ನು ಆರಂಭಿಸಿದ್ದರು. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಕಟ್ಟಿದರು. ವೈದ್ಯರು, ದಾದಿಯರು ತಯಾರಾದರು. ಅವರಲ್ಲಿ ಅನೇಕರು ಮುಂಬಯಿಗೆ, ಕೊಲ್ಲಿ ರಾಷ್ಟ್ರಗಳಿಗೆ, ಇನ್ನೂ ದೂರದ ದೇಶಗಳಿಗೆ ಹೋದರು. ಅವರು ಹೋದದ್ದು ತಪ್ಪಲ್ಲ. ಅವರು ಕಳುಹಿಸಿದ ಹಣದಿಂದ ಎಷ್ಟೋ ಮನೆಗಳ ಸೂರು ಎದ್ದಿದೆ, ತಮ್ಮ ತಂಗಿಯರ ಓದು ಮುಗಿದಿದೆ. ಆದರೆ ತೊಟ್ಟಿಗೆ ನೀರು ಬಿಡುವ ನಲ್ಲಿಯನ್ನು ಮಾತ್ರ ನೋಡಿ, ತಳದ ತೂತನ್ನು ನೋಡದಿದ್ದರೆ ತೊಟ್ಟಿ ಏಕೆ ತುಂಬುತ್ತಿಲ್ಲ ಎಂಬುದು ತಿಳಿಯುವುದೇ ಇಲ್ಲ. ಈ ವಲಸೆಯ ಸಮಸ್ಯೆ ಜಗತ್ತಿನದೇ ಆದ್ದರಿಂದ 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಒಂದು ದೇಶ ಇನ್ನೊಂದು ದೇಶದ ಆರೋಗ್ಯ ಸಿಬ್ಬಂದಿಯನ್ನು ನೇಮಿಸಿಕೊಳ್ಳುವ ಬಗ್ಗೆ ಒಂದು ನೀತಿ ಸಂಹಿತೆಯನ್ನೇ ಅಂಗೀಕರಿಸಬೇಕಾಯಿತು.

ಗ್ರಾಮೀಣ ಆರೋಗ್ಯದ ಬಗ್ಗೆ ಕೇಂದ್ರ ಸರ್ಕಾರ ಹೊರತಂದಿರುವ ಅಂಕಿಅಂಶಗಳ ಪುಸ್ತಕಗಳನ್ನು ತೆರೆದು ನೋಡಿ. ಬಯಲು ಸೀಮೆಯಲ್ಲಿ 5,000 ಜನರಿಗೆ, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರ ಎಂಬುದು ಮಾನದಂಡ. ಅಲ್ಲಿನ ಕೋಷ್ಟಕಗಳಲ್ಲಿ ಬೇಕಾದ ಹುದ್ದೆ, ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಖಾಲಿ ಹುದ್ದೆ ಎಂಬ ಅಂಕಣಗಳಿವೆ. ಎಲ್ಲವೂ ಮಾರ್ಚ್ 31ರಂದು ಇದ್ದ ಸ್ಥಿತಿ. ಇದು ಬಹಳ ಉಪಯುಕ್ತವಾದ ಲೆಕ್ಕ. ಆದರೆ ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ ಇದೊಂದು ಸ್ಥಿರಚಿತ್ರ. ದೂರದರ್ಶನದ ಪರದೆಯ ಮೇಲೆ ಸೆಕೆಂಡಿಗೆ 25 ಚಿತ್ರಗಳು ಓಡುವುದರಿಂದ ನಿಮಗೆ ಚಲನೆ ಕಾಣುತ್ತದೆ. ಒಂದು ಹುದ್ದೆ ಏಪ್ರಿಲ್‌ನಲ್ಲಿ ಖಾಲಿಯಾಗಿ, ಮುಂದಿನ ಮಾರ್ಚ್‌ನಲ್ಲಿ ತುಂಬಿದರೆ ಆ ಕೋಷ್ಟಕದಲ್ಲಿ ಅದು 'ಭರ್ತಿಯಾದ ಹುದ್ದೆ'. ನಡುವಿನ ಹನ್ನೊಂದು ತಿಂಗಳು ಆ ಊರಿನ ಬಾಣಂತಿಯರ ಮನೆಗೆ ಯಾರೂ ಬರಲಿಲ್ಲ ಎಂಬುದು ಚಿತ್ರದಲ್ಲಿ ಇಲ್ಲ.

ಎಲ್ಲಿ ನಿಂತು ಎಣಿಸುತ್ತೀರಿ?

ಇನ್ನೂ ಸೂಕ್ಷ್ಮವಾದ ಪ್ರಶ್ನೆಯೊಂದಿದೆ. ಬಿಟ್ಟು ಹೋಗುವುದು ಎಂದರೇನು? ಒಬ್ಬ ಸಿಸ್ಟರ್ ಗುಲ್ವಾಡಿ ಸೀಮೆಯಿಂದ ಬೇರೆ ತಾಲ್ಲೂಕಿಗೆ ವರ್ಗವಾಗಿ ಹೋದರು ಎನ್ನಿ. ಬೆಂಗಳೂರಿನ ಇಲಾಖೆಯ ಪುಸ್ತಕದಲ್ಲಿ ಅವರು ಎಲ್ಲಿಗೂ ಹೋಗಿಲ್ಲ. ಸೇವೆ ಅಖಂಡ, ದರ ಸೊನ್ನೆ. ಗುಲ್ವಾಡಿಯ ಅಜ್ಜಿಯ ಲೆಕ್ಕದಲ್ಲಿ ಅವರು ಹೋಗಿಬಿಟ್ಟರು. ದರ ಶೇಕಡಾ ನೂರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಿಂತ ಜಾಗ ಬೇರೆ, ಅಷ್ಟೆ. ಯಾವ ಮನೆಯಲ್ಲಿ ಗರ್ಭಿಣಿ ಇದ್ದಾಳೆ, ಯಾವ ಮಗುವಿನ ಲಸಿಕೆ ತಪ್ಪಿದೆ, ಯಾವ ಮಾವ ಸೊಸೆಯನ್ನು ಆಸ್ಪತ್ರೆಗೆ ಕಳುಹಿಸಲು ಒಪ್ಪುವುದಿಲ್ಲ ಎಂಬ ತಿಳಿವಳಿಕೆ ವರ್ಗಾವಣೆಯ ಆದೇಶದ ಜೊತೆ ಹೊಸಬರ ಕೈಗೆ ಬರುವುದಿಲ್ಲ. ಅದು ಹೋದವರ ಜೊತೆಯೇ ಹೋಗುತ್ತದೆ. ವೈದ್ಯಾಧಿಕಾರಿಗಳ ಮತ್ತು ಇತರ ಸಿಬ್ಬಂದಿಯ ವರ್ಗಾವಣೆಯನ್ನು ನಿಯಂತ್ರಿಸಲು ಕರ್ನಾಟಕವು 2011ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದಿತು ಎಂದರೆ ವಿಷಯದ ಗಾಂಭೀರ್ಯ ತಿಳಿದೀತು.

ಇದಕ್ಕೆ ತದ್ವಿರುದ್ಧವಾದ ವಿಚಿತ್ರವೂ ಉಂಟು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಹೊಸ ಮೈಸೂರು ರಾಜ್ಯಕ್ಕೆ ಸೇರಿತು. 1997ರ ಆಗಸ್ಟ್‌ನಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಕುಂದಾಪುರ ಅದರ ಪಾಲಿಗೆ ಬಂತು. 2018ರಲ್ಲಿ ಬೈಂದೂರು, ಬ್ರಹ್ಮಾವರ ಹೊಸ ತಾಲ್ಲೂಕುಗಳಾದವು. ಇಂಥ ಪ್ರತಿಯೊಂದು ದಿನವೂ ನೂರಾರು ಹುದ್ದೆಗಳು ಹಳೆಯ ಘಟಕದ ಲೆಕ್ಕದಿಂದ ಹೊಸ ಘಟಕದ ಲೆಕ್ಕಕ್ಕೆ ದಾಟುತ್ತವೆ. ಆದರೆ ಸಿಸ್ಟರ್ ಅದೇ ಬೆಳಿಗ್ಗೆ ಅದೇ ಗದ್ದೆಯ ಅಂಚಿನ ಮೇಲೆ ಅದೇ ಮನೆಗೆ ನಡೆದು ಹೋಗಿರುತ್ತಾರೆ. ಕಾಗದದಲ್ಲಿ ಗಡಿ ಬದಲಾಯಿತೋ, ನೆಲದ ಮೇಲೆ ಮನುಷ್ಯ ಬದಲಾದನೋ ಎಂದು ಕೇಳದೆ ಹಳೆಯ ಅಂಕಿಯನ್ನು ಹೊಸ ಅಂಕಿಗೆ ಹೋಲಿಸಬಾರದು. ಗುತ್ತಿಗೆ ನೌಕರರ ವಿಷಯವೂ ಹೀಗೆಯೇ. ಗುತ್ತಿಗೆ ಮುಗಿದು, ಒಂದು ದಿನ ಬಿಟ್ಟು ಮತ್ತೆ ಅದೇ ವ್ಯಕ್ತಿಯನ್ನು ನೇಮಿಸಿದರೆ, ಆಕೆ ಹೋದವಳೋ ಇದ್ದವಳೋ?

ಎಣಿಕೆಗೆ ಬಾರದವರು

ಈಗ 'ಇಂದಿರಾಬಾಯಿ'ಯ ನಂಟಿಗೆ ಬರೋಣ. 1977ರಲ್ಲಿ ಭಾರತ ಸರ್ಕಾರ ಹಳ್ಳಿಗೊಬ್ಬ ಆರೋಗ್ಯ ಕಾರ್ಯಕರ್ತನನ್ನು ಗೊತ್ತುಮಾಡುವ ಯೋಜನೆ ತಂದಿತು. ತಿಂಗಳಿಗೆ 50 ರೂಪಾಯಿ ಗೌರವಧನ. ಆರಿಸಲ್ಪಟ್ಟವರಲ್ಲಿ ಹೆಚ್ಚಿನವರು ಗಂಡಸರು. ಯೋಜನೆ ಬಹಳ ಕಾಲ ಬಾಳಲಿಲ್ಲ. 2005ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾಗಿ, ಸಾವಿರ ಜನರಿಗೊಬ್ಬರಂತೆ 'ಆಶಾ' ಕಾರ್ಯಕರ್ತೆಯರು ಬಂದರು. ಅವರ ಆಯ್ಕೆಯ ಮಾರ್ಗಸೂಚಿಯನ್ನು ಗಮನಿಸಿ: ಅದೇ ಹಳ್ಳಿಯಲ್ಲಿ ವಾಸಿಸುವ ಹೆಣ್ಣುಮಗಳಾಗಿರಬೇಕು, ವಿವಾಹಿತೆ, ವಿಧವೆ ಅಥವಾ ವಿಚ್ಛೇದಿತೆಯಾಗಿರಬೇಕು, ವಯಸ್ಸು ಹೆಚ್ಚಾಗಿ 25ರಿಂದ 45.

ಅವಿವಾಹಿತೆಯರನ್ನು ಏಕೆ ಬಿಟ್ಟರು? ಮದುವೆಯಾದರೆ ಹುಡುಗಿ ಊರು ಬಿಡುತ್ತಾಳೆ. ಸೊಸೆಯಾದರೆ ಊರಲ್ಲೇ ಇರುತ್ತಾಳೆ. ಬಂದು ಹೋಗುವಿಕೆಯನ್ನು ತಗ್ಗಿಸುವ ಲೆಕ್ಕಾಚಾರ ಆಯ್ಕೆಯ ನಿಯಮದಲ್ಲೇ ಸೇರಿಕೊಂಡಿದೆ. 1899ರ ಕಾದಂಬರಿಯಲ್ಲಿ ಹೊಸ ದಾರಿ ಹಿಡಿಯಲು ವಿಧವೆ ಮನೆಯನ್ನೇ ಬಿಡಬೇಕಾಯಿತು. ನೂರು ವರ್ಷಗಳ ಮೇಲೆ ಅಂಥ ಹೆಣ್ಣನ್ನು ಸರ್ಕಾರವೇ ಹುಡುಕಿ, ನೀನಿದ್ದ ಊರಲ್ಲೇ ಕೆಲಸ ಮಾಡು ಎಂದಿತು. ಇದು ದೊಡ್ಡ ಬದಲಾವಣೆ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಬೇರೆಡೆಗೆ ಹೋಗಲಾರದವರನ್ನೇ ಆರಿಸಿಕೊಂಡರೆ ಹೋಗುವವರ ಸಂಖ್ಯೆ ಕಡಿಮೆಯಾಗುವುದು ಸಹಜ. ಆ ಕಡಿಮೆ ದರ ತೃಪ್ತಿಯ ಗುರುತೋ, ದಾರಿ ಇಲ್ಲದಿರುವುದರ ಗುರುತೋ?

ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಬರೆದ ಪುಸ್ತಕದಲ್ಲಿ ಇದಕ್ಕೊಂದು ಬೆಳಕು ಸಿಗುತ್ತದೆ. ಅತೃಪ್ತಿಯಾದವನ ಮುಂದೆ ಎರಡು ದಾರಿಗಳು: ಹೊರಟು ಹೋಗುವುದು, ಇಲ್ಲವೇ ಇದ್ದುಕೊಂಡೇ ದನಿ ಎತ್ತುವುದು. 2020ರ ಜುಲೈನಲ್ಲಿ, ಕೋವಿಡ್ ಸೋಂಕಿನ ನಡುವೆಯೇ, ಕರ್ನಾಟಕದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ರಕ್ಷಣಾ ಸಾಧನಗಳನ್ನು ಕೇಳಿ ಮುಷ್ಕರ ಹೂಡಿದರು. ಅವರು ಕೆಲಸ ಬಿಡಲಿಲ್ಲ, ದನಿ ಎತ್ತಿದರು. ಬಂದು ಹೋಗುವಿಕೆಯ ಯಾವ ಸೂತ್ರದಲ್ಲೂ ಈ ದನಿ ಕೇಳಿಸುವುದಿಲ್ಲ. ಹೋದವರನ್ನು ಎಣಿಸುವ ಅಳತೆ, ಇದ್ದವರ ನೋವನ್ನು ಎಣಿಸದು.

ಅಂಗನವಾಡಿಯ ಕಥೆ ಇನ್ನೂ ಹಳೆಯದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ಅವುಗಳಲ್ಲೊಂದಾಗಿತ್ತು. ಅಂದಿನಿಂದ ಅಂಗನವಾಡಿ ಕಾರ್ಯಕರ್ತೆಯರು 'ಗೌರವ ಸೇವಕಿ'ಯರು. ಸಂಬಳವಲ್ಲ, ಗೌರವಧನ. ಅವರದು ಸರ್ಕಾರಿ ಹುದ್ದೆಯಲ್ಲ ಎಂದು 2006ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ನೌಕರರೇ ಅಲ್ಲದವರು ಬಿಟ್ಟು ಹೋದರೆ ನೌಕರರ ಲೆಕ್ಕದಲ್ಲಿ ಅದು ಹೇಗೆ ಬಂದೀತು? 2022ರ ಏಪ್ರಿಲ್‌ನಲ್ಲಿ, ಗುಜರಾತಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ, 1972ರ ಗ್ರಾಚ್ಯುಟಿ ಕಾಯ್ದೆ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಅನ್ವಯಿಸುತ್ತದೆ ಎಂದಿತು. ಆ ಕಾಯ್ದೆಯಂತೆ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆ ಬೇಕಿತ್ತು. ಈಗ ನೋಡಿ, ಯಾವ ದಿನ ಸೇರಿದರು, ನಡುವೆ ಬಿಡುವು ಇತ್ತೇ, ಯಾವ ದಿನ ನಿವೃತ್ತರಾದರು ಎಂಬ ಒಣ ದಿನಾಂಕಗಳು ಒಬ್ಬ ತಾಯಿಯ ಮುಪ್ಪಿನ ಅನ್ನವಾಗುತ್ತವೆ. ಹಾಜರಿ ಪುಸ್ತಕ ಗೆದ್ದಲು ತಿಂದರೆ ನಷ್ಟವಾಗುವುದು ಸಂಶೋಧಕನಿಗಲ್ಲ.

ನೀವು ಮಾಡಬಹುದಾದ ಕೆಲಸ

ಈ ಲೇಖನವನ್ನು ಓದಿ ಪಕ್ಕಕ್ಕಿಡಬೇಡಿ. ಈ ರಜೆಯಲ್ಲಿ ನಿಮ್ಮ ಊರಿನದೇ ಲೆಕ್ಕ ಮಾಡಿ. ಕಳೆದ ಇಪ್ಪತ್ತು ವರ್ಷಗಳಲ್ಲಿ ನಿಮ್ಮ ಉಪಕೇಂದ್ರದಲ್ಲಿ ಯಾರು ಯಾವ ತಿಂಗಳು ಬಂದರು, ಯಾವ ತಿಂಗಳು ಹೋದರು ಎಂದು ಹಿರಿಯರನ್ನು ಕೇಳಿ. ನಿಮ್ಮ ಮನೆಯ ತಾಯಿ ಕಾರ್ಡು, ಮಕ್ಕಳ ಲಸಿಕೆ ಕಾರ್ಡುಗಳ ದಿನಾಂಕಗಳು ನೆನಪಿಗೆ ಆಧಾರವಾಗುತ್ತವೆ. ಹೆಸರು ಬರೆಯಬೇಡಿ, ಒಂದು, ಎರಡು, ಮೂರು ಎಂದು ಸಂಖ್ಯೆ ಕೊಡಿ. ಗ್ರಾಫ್ ಹಾಳೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗೆರೆ ಎಳೆಯಿರಿ. ಗೆರೆಯ ಉದ್ದ ಅವರಿದ್ದ ಕಾಲ. ಎರಡು ಗೆರೆಗಳ ನಡುವಿನ ಖಾಲಿ ಜಾಗ, ಊರಿಗೆ ಯಾರೂ ಇಲ್ಲದಿದ್ದ ಕಾಲ. ಅನಂತರ ಮೇಲಿನ ಎರಡು ಸೂತ್ರಗಳನ್ನು ಹಾಕಿ. ಪಕ್ಕದ ಊರಿನ ಗೆಳೆಯರ ಹಾಳೆಯೊಂದಿಗೆ ಹೋಲಿಸಿ.

ಒಂದು ಎಚ್ಚರಿಕೆ. ಗೆರೆ ಚಿಕ್ಕದಾಗಿದೆ ಎಂದು ಹೋದವರನ್ನು ದೂರಬೇಡಿ. ಅವರಿಗೆ ಉಳಿಯಲು ಮನೆ ಇತ್ತೇ, ರಾತ್ರಿ ಕರೆ ಬಂದಾಗ ಜೊತೆಗೆ ಯಾರಾದರೂ ನಡೆದರೇ, ತಿಂಗಳ ಹಣ ತಿಂಗಳಿಗೆ ಬಂತೇ ಎಂದು ವಿಚಾರಿಸಿ.

ನಮ್ಮ ಲೆಕ್ಕ ಮುಗಿದ ಮೇಲೆ ಗುಲ್ವಾಡಿಯ ಅಜ್ಜಿಗೆ ಇನ್ನೊಂದು ಪ್ರಶ್ನೆ ಕೇಳಿದ್ದೆ. ಬಂದು ಹೋದವರಲ್ಲಿ ಯಾರ ಹೆಸರಾದರೂ ನೆನಪಿದೆಯೇ ಎಂದು. ಆಕೆ ಕೂಡಲೇ ಒಂದು ಹೆಸರು ಹೇಳಿದರು. ಮೊದಲ ಮೊಮ್ಮಗಳು ಹುಟ್ಟಿದ ವರ್ಷದಿಂದ ಅವಳು ಶಾಲೆಗೆ ಸೇರುವವರೆಗೂ ಆ ಸಿಸ್ಟರ್ ಅಲ್ಲೇ ಇದ್ದರಂತೆ. ನಾನು ಮನಸ್ಸಿನಲ್ಲೇ ಎಣಿಸಿದೆ. ಐದು ವರ್ಷಕ್ಕಿಂತ ಹೆಚ್ಚು. ಬೇರು ಹಿಡಿದ ನೇಜಿಯ ಲೆಕ್ಕಕ್ಕೆ ಅದು ಸರಿಯಾಗಿ ಕೂಡಿಬಂತು.